ಐಒಯು ಅಂದರೇನು? ಪ್ರಣಯ್ ರಾಯ್ ಟಿವಿಗೆ ತಂದ ಚುನಾವಣಾ ಲೆಕ್ಕ

2013ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಂದದ್ದು ಶೇ. 36.6 ವೋಟು, ಸೀಟು 122. 2018ರಲ್ಲಿ ವೋಟು ಶೇ. 38 ದಾಟಿತು. ಆದರೆ ಸೀಟು 80ಕ್ಕೆ ಇಳಿಯಿತು. ವೋಟು ಜಾಸ್ತಿ, ಸೀಟು ಕಡಿಮೆ, ಇದು ಹೇಗೆ ಅಲ್ವಾ?

ಇಂಥ ಪ್ರಶ್ನೆಗೆ ಉತ್ತರ ಕೊಡುವ ಅಳತೆಗೋಲೇ ಐಒಯು, ಅಂದರೆ ಇಂಡೆಕ್ಸ್ ಆಫ್ ಅಪೊಸಿಷನ್ ಯೂನಿಟಿ. ವಿರೋಧ ಪಕ್ಷಗಳ ಒಗ್ಗಟ್ಟಿನ ಸೂಚ್ಯಂಕ ಅನ್ನಬಹುದು. ವೋಟಿನಲ್ಲಿ ಮುಂದಿರುವ ಪಕ್ಷದ ವೋಟು ಪಕ್ಕಕ್ಕಿಡಿ. ಉಳಿದ ಅಷ್ಟೂ ವೋಟಿನಲ್ಲಿ ದೊಡ್ಡ ಎದುರಾಳಿಯ ಪಾಲು ನೂರಕ್ಕೆ ಎಷ್ಟು ಅಂತ ನೋಡಿ. 100 ಬಂದರೆ ಎದುರಾಳಿ ಒಬ್ಬನೇ. ಕೆಳಗಿಳಿದಷ್ಟೂ ವೋಟು ಹಂಚಿಹೋಗಿದೆ ಅಂತ ಅರ್ಥ.

ಈಗ ನಮ್ಮ ಲೆಕ್ಕ ಹಾಕಿ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಬೇರೆಯಾಗಿ ನಿಂತಿದ್ದವು, ಜೆಡಿಎಸ್‌ಗೆ ಶೇ. 20, ಬಿಜೆಪಿಗೂ ಹತ್ತಿರ ಹತ್ತಿರ ಅಷ್ಟೇ. ಸೂಚ್ಯಂಕ ಸುಮಾರು 32. 2018ರಲ್ಲಿ ಬಿಜೆಪಿ ಒಂದಾಗಿ ಶೇ. 36 ಪಡೆಯಿತು, ಸೂಚ್ಯಂಕ 59ರ ಹತ್ತಿರ ಹೋಯಿತು. ಎದುರಾಳಿ ವೋಟು ಒಂದೆಡೆ ಸೇರಿದ್ದರಿಂದ ವೋಟು ಹೆಚ್ಚಿದರೂ ಕಾಂಗ್ರೆಸ್ಸಿನ ಸೀಟು ಇಳಿಯಿತು.

ಈ ಲೆಕ್ಕವನ್ನು ಪತ್ರಕರ್ತ ಪ್ರಣಯ್ ರಾಯ್, ಅರ್ಥಶಾಸ್ತ್ರಜ್ಞ ಅಶೋಕ್ ಲಾಹಿರಿ ಮತ್ತು ಆಕ್ಸ್‌ಫರ್ಡಿನ ಚುನಾವಣಾ ತಜ್ಞ ಡೇವಿಡ್ ಬಟ್ಲರ್ ಸೇರಿ 1980ರ ದಶಕದಲ್ಲಿ ಬಳಕೆಗೆ ತಂದರು. ರಾಯ್ ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ, ಆಮೇಲೆ ಅರ್ಥಶಾಸ್ತ್ರ. 1988ರಲ್ಲಿ ಪತ್ನಿ ರಾಧಿಕಾ ಜೊತೆ ಎನ್‌ಡಿಟಿವಿ ಕಟ್ಟಿದರು. 1989ರ ಲೋಕಸಭೆ ಫಲಿತಾಂಶದ ಹೊತ್ತಿಗೆ ದೂರದರ್ಶನದಲ್ಲಿ ಪತ್ರಕರ್ತ ವಿನೋದ್ ದುವಾ ಜೊತೆ ಕೂತು ಫಲಿತಾಂಶ ಬಿಡಿಸಿ ಹೇಳಿದರು. ಆಗ ಜನತಾದಳ, ಬಿಜೆಪಿ, ಎಡಪಕ್ಷಗಳು ಬಹಳ ಕಡೆ ಸೀಟು ಹೊಂದಿಸಿಕೊಂಡಿದ್ದವು. ಕಾಂಗ್ರೆಸ್ಸಿಗೆ ಶೇ. 39.5 ವೋಟು ಬಂದರೂ ಸಿಕ್ಕಿದ್ದು 197 ಸೀಟು. 2014ರಲ್ಲಿ ಬಿಜೆಪಿ ಶೇ. 31ಕ್ಕೇ 282 ಗೆದ್ದಿತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ನನಗೆ ರಾಯ್ ಅವರಲ್ಲಿ ತುಂಬಾ ಇಷ್ಟವಾಗುವುದು ಇದೇ. ಕಿರುಚಾಟವಿಲ್ಲದೆ, ನೋಡುವವರಿಗೂ ಲೆಕ್ಕ ಅರ್ಥವಾಗುತ್ತದೆ ಅಂತ ನಂಬಿ ಮಾತಾಡುತ್ತಿದ್ದರು. 2022ರ ಕೊನೆಗೆ ಚಾನೆಲ್ ಅದಾನಿ ಗುಂಪಿನ ಕೈಗೆ ಹೋಗಿ, ರಾಯ್ ದಂಪತಿ ಹೊರಬಂದರು.

ಒಂದು ಎಚ್ಚರಿಕೆ ಬೇಕು. ಪಕ್ಷಗಳು ಕೈ ಜೋಡಿಸಿದ ಮಾತ್ರಕ್ಕೆ ಗೆಲುವು ಖಾತ್ರಿಯಲ್ಲ. 2019ರ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್, ಜೆಡಿಎಸ್ ಒಟ್ಟಿಗೆ ನಿಂತವು. ಆದರೂ ಬಿಜೆಪಿ 28ರಲ್ಲಿ 25 ಗೆದ್ದಿತು, ಯಾಕೆಂದರೆ ಅದರ ವೋಟೇ ಶೇ. 51 ದಾಟಿತ್ತು. ಅರ್ಧಕ್ಕಿಂತ ಜಾಸ್ತಿ ವೋಟು ಒಂದೇ ಕಡೆ ಹೋದಾಗ ಉಳಿದವರು ಎಷ್ಟು ಒಗ್ಗಟ್ಟಾಗಿದ್ದರೂ ಸಾಲುವುದಿಲ್ಲ.