ಡಿಸ್ಟೋಪಿಯಾ: ಸುಖದ ಹೆಸರಿನಲ್ಲಿ ಕಟ್ಟಿದ ಕೇಡಿನ ನಾಡು

ಹದಿಹರೆಯದವರ ಕಾದಂಬರಿಗಳ ಬೆನ್ನುಪುಟದಲ್ಲಿ ಪದೇ ಪದೇ ಕಾಣುವ ‘ಡಿಸ್ಟೋಪಿಯನ್ ಫ್ಯಾಂಟಸಿ’ ಎಂಬ ಮಾತಿನ ಮೊದಲ ಪದವನ್ನು ‘ಹಾಳುಬಿದ್ದ ಲೋಕ’ ಎಂದಷ್ಟೇ ತಿಳಿದು ಮುಂದೆ ಸಾಗುವವರು ಬಹಳ. ಆ ಅರ್ಥ ಸಾಲದು.

1516ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್ ತಾನು ಕಲ್ಪಿಸಿದ ದ್ವೀಪಕ್ಕೆ ‘ಯುಟೋಪಿಯಾ’ ಎಂದು ಹೆಸರಿಟ್ಟ. ಗ್ರೀಕ್ ಮೂಲದ ಈ ಪದಕ್ಕೆ ‘ಎಲ್ಲಿಯೂ ಇಲ್ಲದ ಸ್ಥಳ’ ಎಂಬುದು ನೇರ ಅರ್ಥವಾದರೂ, ‘ಒಳ್ಳೆಯ ಸ್ಥಳ’ ಎಂಬ ಶ್ಲೇಷೆಯೂ ಅದರೊಳಗಿದೆ. ಇದಕ್ಕೆ ಎದುರಾಗಿ ನಿಂತದ್ದು ‘ಡಿಸ್’ ಎಂಬ ಉಪಸರ್ಗ. ನಮ್ಮ ದುರ್ಗತಿ, ದುರ್ದಿನಗಳಲ್ಲಿರುವ ‘ದುರ್’ ಅದರ ಬಳಗದ್ದೇ. 1868ರಲ್ಲಿ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ ಬ್ರಿಟನ್ನಿನ ಸಂಸತ್ತಿನಲ್ಲಿ ಐರ್ಲೆಂಡಿನ ಕುರಿತ ಸರ್ಕಾರದ ಧೋರಣೆಯನ್ನು ಖಂಡಿಸುವಾಗ ಇವೆರಡೂ ಸೇರಿದ ‘ಡಿಸ್ಟೋಪಿಯನ್’ ಎಂಬ ಪದವನ್ನು ಬಳಸಿದ್ದ.

ಪ್ರವಾಹವೋ ಯುದ್ಧವೋ ಬಂದು ಊರು ನಾಶವಾದ ಮಾತ್ರಕ್ಕೆ ಕಥೆ ಡಿಸ್ಟೋಪಿಯಾ ಆಗುವುದಿಲ್ಲ. ಅಲ್ಲೊಂದು ವ್ಯವಸ್ಥೆ ಇರಬೇಕು. ಹಸಿವು, ಜಗಳ, ದುಃಖಗಳನ್ನು ನೀಗಿಸುತ್ತೇನೆಂದು ನಂಬಿಸಿ, ಅದಕ್ಕೆ ಪ್ರತಿಯಾಗಿ ಮನುಷ್ಯರಿಂದ ಏನನ್ನೋ ಕಿತ್ತುಕೊಂಡಿರಬೇಕು. ಲೋಯಿಸ್ ಲೌರಿ 1993ರಲ್ಲಿ ಬರೆದ ‘ದಿ ಗಿವರ್’ ಕಾದಂಬರಿ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಜನರಿಗೆ ಬಣ್ಣಗಳು ಕಾಣುವುದಿಲ್ಲ, ಗತಕಾಲದ ನೆನಪುಗಳಿಲ್ಲ, ಆಯ್ಕೆಗಳಿಲ್ಲ; ಆದರೆ ನೋವೂ ಇಲ್ಲ. ಹನ್ನೆರಡು ತುಂಬಿದ ಜೋನಸ್‌ನ ಬೆನ್ನಿನ ಮೇಲೆ ಮುದುಕನೊಬ್ಬ ಕೈಯಿಟ್ಟು ಆ ನೆನಪುಗಳನ್ನು ದಾಟಿಸುವಾಗ, ತಾನು ಕಳೆದುಕೊಂಡದ್ದೇನೆಂಬುದು ಹುಡುಗನಿಗೂ ಓದುಗನಿಗೂ ಒಟ್ಟಿಗೇ ಗೊತ್ತಾಗುತ್ತದೆ. ಹದಿಹರೆಯದವರಿಗೆ ಶಿಫಾರಸು ಮಾಡಲು ನಾನು ಮೊದಲು ನೆನೆಯುವುದು ಇದನ್ನೇ, ಏಕೆಂದರೆ ಹಿರಿಯರ ನಿಯಮಗಳಿಗೆ ಕಾರಣ ಕೇಳಲು ಶುರುಮಾಡುವ ವಯಸ್ಸೇ ಅದು.

ಫ್ಯಾಂಟಸಿ ಬೆರೆತಾಗ ಆಳುವವರ ಕೈಯಲ್ಲಿ ಯಂತ್ರಗಳ ಬದಲು ಮಂತ್ರ, ವಂಶದ ವರ, ಭವಿಷ್ಯವಾಣಿಗಳಿರುತ್ತವೆ. ಇಲ್ಲಿ ಎಚ್ಚರ ಬೇಕು: ದುಷ್ಟ ಮಾಂತ್ರಿಕನೊಬ್ಬ ಸತ್ತೊಡನೆ ಎಲ್ಲವೂ ಸರಿಹೋಗುವುದಾದರೆ ಅದು ಸಾಹಸಕಥೆ, ಡಿಸ್ಟೋಪಿಯಾ ಅಲ್ಲ. ಮಂತ್ರಶಕ್ತಿ ಯಾರ ಪಾಲಾಗಿದೆ, ಯಾರಿಗೆ ನಿಷಿದ್ಧವಾಗಿದೆ, ಆ ನಿಷೇಧವನ್ನು ಸಾಮಾನ್ಯ ಜನರೇ ನ್ಯಾಯವೆಂದು ಏಕೆ ಒಪ್ಪಿಕೊಂಡಿದ್ದಾರೆ ಎಂಬುದನ್ನು ಕಾದಂಬರಿ ಕಾಣಿಸಬೇಕು. ಕ್ರೌರ್ಯದ ವಿವರ ಎಷ್ಟಿದೆ ಎಂಬುದನ್ನು ಮಾತ್ರ ಪುಸ್ತಕ ಕೊಡುವ ಹಿರಿಯರು ಮೊದಲೇ ಓದಿ ತಿಳಿದಿರಬೇಕು, ಏಕೆಂದರೆ ಹದಿಮೂರರ ಓದುಗನ ಮನಸ್ಸು ತಾಳುವುದಕ್ಕೂ ಹದಿನೇಳರವನದು ತಾಳುವುದಕ್ಕೂ ಬಹಳ ಅಂತರವಿದೆ.