ಮುಚ್ಚುವ ಕಾಲೇಜಿನಿಂದ ಕ್ರೆಡಿಟ್ ಹೊತ್ತು ಬರುವವರಿಗೆ

ಅಮೆರಿಕದಲ್ಲಿ ಕಾಲೇಜು ನಡೆಸುವ ಕಂಪನಿಗಳಿವೆ. ನಮ್ಮಲ್ಲಿ ಕಾಲೇಜು ಅಂದರೆ ಟ್ರಸ್ಟೋ ಸೊಸೈಟಿಯೋ ಲಾಭರಹಿತ ಕಂಪನಿಯೋ ನಡೆಸಬೇಕು, ಕಾಗದದ ಮೇಲಾದರೂ ಲಾಭ ಹಂಚಿಕೊಳ್ಳುವಂತಿಲ್ಲ. ಇಲ್ಲಿ ರಾಜಾರೋಷವಾಗಿ ಷೇರುದಾರರಿರುತ್ತಾರೆ. ಲಾಭ ಬರುವಷ್ಟು ದಿನ ಓಡುತ್ತದೆ. ಆಮೇಲೆ ಒಂದು ಬೆಳಗ್ಗೆ ಬಾಗಿಲಿಗೆ ಚೀಟಿ ಅಂಟಿರುತ್ತದೆ. ಕೊರಿಂಥಿಯನ್ ಕಾಲೇಜಸ್ ಅನ್ನೋ ಕಂಪನಿ 2015ರ ಏಪ್ರಿಲ್‌ನಲ್ಲಿ ಭಾನುವಾರ ಸುದ್ದಿ ಹೇಳಿ ಸೋಮವಾರ ಉಳಿದ ಕ್ಯಾಂಪಸ್‌ಗಳನ್ನೆಲ್ಲ ಮುಚ್ಚಿತು. ಸುಮಾರು 16,000 ಜನ ಓದುತ್ತಿದ್ದರು. ಮರುವರ್ಷ ಸೆಪ್ಟೆಂಬರ್ 6ಕ್ಕೆ ಐಟಿಟಿ ಟೆಕ್ ಮುಚ್ಚಿತು, 130ಕ್ಕೂ ಹೆಚ್ಚು ಕ್ಯಾಂಪಸ್‌ಗಳು ಒಟ್ಟಿಗೆ.

ನಾನು ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಕಮ್ಯೂನಿಟಿ ಕಾಲೇಜಿನಲ್ಲಿ ಬೇರೆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ನೋಡಿ, ಯಾವ ಕೋರ್ಸ್ ಒಪ್ಪಬಹುದು, ಯಾವುದು ಆಗದು ಅಂತ ಬರೆಯುವ ಕೆಲಸ ಮಾಡುತ್ತೇನೆ. ಟ್ರಾನ್ಸ್‌ಕ್ರಿಪ್ಟ್ ಅಂದರೆ ಅಂಕಪಟ್ಟಿ; ಒಂದೊಂದು ಕೋರ್ಸ್ ಪಾಸಾದರೆ ಅದರ ಗಾತ್ರಕ್ಕೆ ತಕ್ಕಂತೆ ಲೆಕ್ಕಕ್ಕೆ ಸಿಗುವುದು ಕ್ರೆಡಿಟ್. ಈ ನಡುವೆ ಕನ್ನಡದವರೂ ಬರುತ್ತಾರೆ. ಗಂಡನ ಜೊತೆ ಬಂದು ಇಲ್ಲಿ ಹೊಸದಾಗಿ ಓದು ಶುರು ಮಾಡಿದ ಹೆಣ್ಣುಮಕ್ಕಳೇ ಜಾಸ್ತಿ.

ಹಾಸನದ ಕಡೆಯ ಒಬ್ಬಾಕೆಯ ಟ್ರಾನ್ಸ್‌ಕ್ರಿಪ್ಟನ್ನೇ ತೆಗೆದುಕೊಳ್ಳಿ. ಗ್ರೀನ್ ಕಾರ್ಡ್ ಬಂದಮೇಲೆ ಖಾಸಗಿ ಕಾಲೇಜೊಂದರಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್‌ಗೆ ಸೇರಿದ್ದಳು. ಕಾಲೇಜು ಮುಳುಗುವ ಸುದ್ದಿ ಹಬ್ಬಿತ್ತು.

"ಅಕ್ಕಾ, ನಂದು 54 ಕ್ರೆಡಿಟ್ ಆಗಿದೆ. ಇನ್ನೊಂಚೂರು ಓದಿದ್ರೆ ನರ್ಸಿಂಗ್ ಮುಗಿಯುತ್ತೆ ಅಂದಿದ್ರು."

"ಯಾರಮ್ಮ ಅಂದಿದ್ದು?"

"ಅಡ್ಮಿಷನ್ ಮಾಡಿಸಿದೋರು."

ಅಡ್ಮಿಷನ್ ಮಾಡಿಸಿದವರಿಗೆ ಆ ಮಾತು ಹೇಳುವ ಅಧಿಕಾರವೇ ಇಲ್ಲ. ಕ್ರೆಡಿಟ್ ಒಪ್ಪುವುದು ಬಿಡುವುದು ಪೂರ್ತಿ ಸೇರಿಸಿಕೊಳ್ಳುವ ಕಾಲೇಜಿನ ಇಷ್ಟ. ನಮ್ಮ ವಿಟಿಯು ಥರ ಒಂದೇ ಯೂನಿವರ್ಸಿಟಿ, ಒಂದೇ ಸಿಲಬಸ್, ಕೆಳಗೆ ನೂರಾರು ಕಾಲೇಜು ಅನ್ನೋ ಏರ್ಪಾಡು ಇಲ್ಲಿಲ್ಲ. ಪ್ರತಿ ಕಾಲೇಜೂ ತನ್ನ ಪಾಠ ತಾನೇ ಬರೆದುಕೊಳ್ಳುತ್ತದೆ.

ಈಗ ಆ 54ನ್ನು ಬಿಡಿಸೋಣ. ಆಕೆಯ ಕಾಲೇಜಿನದು ಕ್ವಾರ್ಟರ್ (ಸುಮಾರು ಮೂರು ತಿಂಗಳ ಅವಧಿ) ಲೆಕ್ಕ, ನಮ್ಮದು ಸೆಮಿಸ್ಟರ್ ಲೆಕ್ಕ. ಮೂರು ಕ್ವಾರ್ಟರ್ ಕ್ರೆಡಿಟ್ ಸೇರಿದರೆ ಎರಡು ಸೆಮಿಸ್ಟರ್ ಕ್ರೆಡಿಟ್. ಅಲ್ಲಿಗೆ 54 ಅನ್ನೋದು 36 ಆಯಿತು. ಇನ್ನೂ ಯಾರೂ ಏನನ್ನೂ ತಿರಸ್ಕರಿಸಿಲ್ಲ, ಬರೀ ಅಳತೆ ಬದಲಾಯಿಸಿದ್ದು. ಪುಟದಲ್ಲಿದ್ದದ್ದು ಹನ್ನೆರಡು ಕೋರ್ಸ್, ನಮ್ಮ ಲೆಕ್ಕದಲ್ಲಿ ಒಂದೊಂದಕ್ಕೆ ಮೂರು ಕ್ರೆಡಿಟ್‌ನಂತೆ. ಇಂಗ್ಲಿಷ್ ಬರವಣಿಗೆ ಬಂತು. ಸೈಕಾಲಜಿ ಬಂತು. ಕಂಪ್ಯೂಟರ್ ಕೋರ್ಸ್ ಐಚ್ಛಿಕ ಅಂತ ಒಂದು ಮೂಲೆಯಲ್ಲಿ ಕೂತಿತು. 'ಕಾಲೇಜ್ ಮ್ಯಾತ್' ಅಂತ ಹೆಸರಿದ್ದದ್ದರ ಸಿಲಬಸ್ ತೆಗೆದು ನೋಡಿದರೆ ಭಿನ್ನರಾಶಿ, ಶೇಕಡಾ, ಔಷಧಿ ಅಳತೆ. ನಮ್ಮಲ್ಲಿ ಅದಕ್ಕೆ ಕಾಲೇಜು ಮಟ್ಟದ ಕ್ರೆಡಿಟ್ ಇಲ್ಲ. ಅನಾಟಮಿ ಮತ್ತು ಫಿಸಿಯಾಲಜಿ ಅಂತ ಒಂದೇ ಕೋರ್ಸ್ ಇತ್ತು, ಲ್ಯಾಬ್ ಇರಲಿಲ್ಲ. ನಮ್ಮ ನರ್ಸಿಂಗ್‌ಗೆ ಅವೆರಡೂ ಬೇರೆಬೇರೆ ಆಗಬೇಕು, ಎರಡಕ್ಕೂ ಲ್ಯಾಬ್ ಇರಬೇಕು. ಬಿಲ್ಲಿಂಗ್, ಇನ್ಶೂರೆನ್ಸ್ ಕೋಡಿಂಗ್, ಕ್ಲಿನಿಕ್‌ನಲ್ಲಿ ಮಾಡಿದ ಎಕ್ಸ್‌ಟರ್ನ್‌ಶಿಪ್, ಇವಕ್ಕೆ ನಮ್ಮಲ್ಲಿ ಜೋಡಿಯಾಗುವ ಕೋರ್ಸೇ ಇಲ್ಲ.

ಕೊನೆಗೆ ಒಪ್ಪಿದ್ದು 9 ಕ್ರೆಡಿಟ್. ನರ್ಸಿಂಗ್‌ಗೆ ಬೇಕಾದ ಕೋರ್ಸುಗಳ ಪಟ್ಟಿಯಲ್ಲಿ ಕೆಲಸಕ್ಕೆ ಬಂದದ್ದು 6.

ಈ ಕೊನೆಯ ವ್ಯತ್ಯಾಸವನ್ನು ಯಾರೂ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದಿಲ್ಲ. ಕ್ರೆಡಿಟ್ ಒಪ್ಪಿದ್ದೇವೆ ಅಂದರೆ ದಾಖಲೆಯಲ್ಲಿ ಬರೆದುಕೊಂಡಿದ್ದೇವೆ ಅಂತಷ್ಟೇ. ನಿಮ್ಮ ಡಿಗ್ರಿಗೆ ಬೇಕಾದ ಒಂದು ಕೋರ್ಸ್ ಅದರಿಂದ ಕಡಿಮೆ ಆಯಿತಾ ಅನ್ನೋದು ಬೇರೆ ಪ್ರಶ್ನೆ. ಹಾಗಾಗಿ ಯಾವ ಕಾಲೇಜಿನಲ್ಲಾದರೂ ಕೇಳಬೇಕಾದ್ದು ಇಷ್ಟು: "ಇದನ್ನೆಲ್ಲ ಲೆಕ್ಕಕ್ಕೆ ಹಿಡಿದಮೇಲೆ ನನಗೆ ಇನ್ನೂ ಯಾವ ಯಾವ ಕೋರ್ಸ್ ಬಾಕಿ ಇದೆ?" ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಆಕೆಯದೇನೂ ವಿಶೇಷ ಪ್ರಕರಣವಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಲಾಭಕ್ಕೆ ನಡೆಯುವ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಬಂದವರು ಕಳೆದುಕೊಂಡದ್ದು ಅಂದಾಜು ಶೇ. 94. ಆಕೆಯ 36ರಲ್ಲಿ 9 ಉಳಿದದ್ದು ಈ ಲೆಕ್ಕದಲ್ಲಿ ಅದೃಷ್ಟವೇ.

ಇದಕ್ಕೆ ಕಾರಣ ಬಹುಪಾಲು ಮಾನ್ಯತೆ. ಇಲ್ಲಿ ಮಾನ್ಯತೆ ಕೊಡೋದು ಸರ್ಕಾರವಲ್ಲ, ಖಾಸಗಿ ಸಂಸ್ಥೆಗಳು. ಹಳೆಯ ಪ್ರಾದೇಶಿಕ ಸಂಸ್ಥೆಗಳು ಒಂದು ಕಡೆ; ಸರ್ಕಾರಿ ಯೂನಿವರ್ಸಿಟಿಗಳು, ಸ್ಟ್ಯಾನ್‌ಫರ್ಡ್, ಕಮ್ಯೂನಿಟಿ ಕಾಲೇಜು ಎಲ್ಲ ಅವುಗಳಡಿ. ಕಸುಬು ಕಲಿಸುವ ಕಾಲೇಜುಗಳಿಗೆ ಮಾನ್ಯತೆ ಕೊಡುವ 'ರಾಷ್ಟ್ರೀಯ' ಸಂಸ್ಥೆಗಳು ಇನ್ನೊಂದು ಕಡೆ. ರಾಷ್ಟ್ರೀಯ ಅಂದರೆ ದೊಡ್ಡದು ಅಂತ ನಮ್ಮವರು ನಂಬಿ ಮೋಸ ಹೋಗುತ್ತಾರೆ, ವಿಷಯ ತಿರುಗುಮುರುಗು: ಮೊದಲ ಬಗೆಯ ಕಾಲೇಜುಗಳು ಎರಡನೆಯ ಬಗೆಯ ಕ್ರೆಡಿಟ್ ಒಪ್ಪುವುದು ಅಪರೂಪ. 2020ರಿಂದ ಫೆಡರಲ್ (ಕೇಂದ್ರ ಸರ್ಕಾರದ) ಶಿಕ್ಷಣ ಇಲಾಖೆ ಈ ಭೇದವನ್ನು ಕೈಬಿಟ್ಟಿದೆ. ಟ್ರಾನ್ಸ್‌ಕ್ರಿಪ್ಟ್ ನೋಡುವ ಕೈಗಳು ಬಿಟ್ಟಿಲ್ಲ. ಕೊರಿಂಥಿಯನ್‌ನ ಎಷ್ಟೋ ಕ್ಯಾಂಪಸ್‌ಗಳಿಗೂ ಐಟಿಟಿಗೂ ಮಾನ್ಯತೆ ಕೊಟ್ಟಿದ್ದದ್ದು ಎಸಿಐಸಿಎಸ್ ಎಂಬ ಒಂದೇ ಸಂಸ್ಥೆ. 2022ರ ಆಗಸ್ಟ್‌ನಲ್ಲಿ ಆ ಸಂಸ್ಥೆಯೇ ಸರ್ಕಾರದ ಮನ್ನಣೆ ಕಳೆದುಕೊಂಡಿತು.

ಇನ್ನು ಸಾಲದ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಯಾಕಂದರೆ ಕ್ರೆಡಿಟ್ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಜನ ಇಲ್ಲೇ ಎಡವುತ್ತಾರೆ. ಕೋರ್ಸ್ ಮುಗಿಯುವ ಮೊದಲೇ ಕಾಲೇಜು ಮುಚ್ಚಿದರೆ ಫೆಡರಲ್ ವಿದ್ಯಾರ್ಥಿ ಸಾಲ ಮನ್ನಾ ಆಗುವ ದಾರಿ ಇದೆ. ಮುಚ್ಚಿದ ದಿನ ನೀವು ಅಲ್ಲಿ ಓದುತ್ತಿರಬೇಕು, ಇಲ್ಲವೇ ಸ್ವಲ್ಪ ಮೊದಲಷ್ಟೇ ಬಿಟ್ಟಿರಬೇಕು. 2020ರ ಜುಲೈ 1ಕ್ಕೆ ಮುಂಚಿನ ಸಾಲಕ್ಕೆ ಆ 'ಸ್ವಲ್ಪ' ಅಂದರೆ 120 ದಿನ, ನಂತರದ್ದಕ್ಕೆ 180 ದಿನ. ಆದರೆ ಆ ಕ್ರೆಡಿಟ್‌ಗಳನ್ನೇ ಇನ್ನೊಂದು ಕಾಲೇಜಿಗೆ ಒಯ್ದು ಅದೇ ಬಗೆಯ ಕೋರ್ಸ್ ಮುಗಿಸಿದರೆ ಮನ್ನಾ ತಪ್ಪಿಹೋಗುತ್ತದೆ. ಬೇರೆಯದೇ ಕೋರ್ಸ್ ಮಾಡಿದರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಬ್ಯಾಂಕಿನ ಖಾಸಗಿ ಸಾಲಕ್ಕೆ ಇದ್ಯಾವುದೂ ಅನ್ವಯಿಸದು.

ಹಾಸನದಾಕೆಗೆ ಅಷ್ಟರಲ್ಲಿ ಇನ್ನೊಂದು ಖಾಸಗಿ ಕಾಲೇಜಿನಿಂದ ಫೋನ್ ಬಂದಿತ್ತು. "ನಿಮ್ಮ 54ನ್ನೂ ತಗೋತೀವಿ, ಮೆಡಿಕಲ್ ಅಸಿಸ್ಟೆಂಟ್ ನಮ್ಮಲ್ಲೇ ಮುಗಿಸಿ" ಅಂತ. ಒಂದು ಕಾಲೇಜು ಮುಳುಗುವಾಗ ಇಂಥ ಫೋನುಗಳು ಬಂದೇ ಬರುತ್ತವೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಒಪ್ಪಿಕೊಂಡಿದ್ದರೆ ಹಳೆಯ ಸಾಲ ಹಾಗೇ ಉಳಿಯುತ್ತಿತ್ತು, ಅದರ ಮೇಲೆ ಹೊಸ ಸಾಲ. ನರ್ಸಿಂಗ್ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಈಗ ಇನ್ನೊಂದು ಲೆಕ್ಕ ನೋಡಿ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ಆಕೆಗೆ ಉಪಯೋಗಕ್ಕೆ ಬಂದ 6 ಕ್ರೆಡಿಟ್ಟನ್ನು ನಮ್ಮಲ್ಲೇ ಹೊಸದಾಗಿ ಓದಿದ್ದರೂ 276 ಡಾಲರ್. ನರ್ಸಿಂಗ್ ಬೇರೆ ಕೋರ್ಸೇ ಆದರೂ, ಅದಕ್ಕೋಸ್ಕರ ಸಾವಿರಾರು ಡಾಲರಿನ ಸಾಲ ಮನ್ನಾವನ್ನು ಒಂಚೂರಾದರೂ ಪಣಕ್ಕಿಡೋದು ಯಾವ ಜಾಣತನ? "ಓದಿದ್ದನ್ನೇ ಮತ್ತೆ ಓದೋದಾ ಅಕ್ಕಾ?" ಅಂದಳು. ಸಂಕಟ ಅರ್ಥವಾಗುತ್ತದೆ. ಆದರೆ ನನ್ನನ್ನು ಕೇಳಿದರೆ, ಎಷ್ಟೋ ಜನಕ್ಕೆ ಮೊದಲಿಂದ ಶುರು ಮಾಡೋದೇ ಅಗ್ಗದ ದಾರಿ. ಸಮಯ ಹೋಗುತ್ತದೆ, ನಿಜ. ಸಾಲ ಹೋಗುವುದು ಅದಕ್ಕಿಂತ ದೊಡ್ಡದು. ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ, ವಾಪಸ್ ಕಟ್ಟಬೇಕಿಲ್ಲದ ನೆರವು) ಪಡೆಯುತ್ತಿದ್ದವರಿಗೆ ಇನ್ನೂ ಒಂದು ಅನುಕೂಲವಿದೆ. ಆ ನೆರವಿಗೆ ಜೀವಮಾನದಲ್ಲಿ ಹನ್ನೆರಡು ಸೆಮಿಸ್ಟರ್ ಮಿತಿ. ಮುಚ್ಚಿದ ಕಾಲೇಜಿನಲ್ಲಿ ಖರ್ಚಾದಷ್ಟನ್ನು ವಾಪಸ್ ಲೆಕ್ಕಕ್ಕೆ ಸೇರಿಸಿಕೊಡುತ್ತಾರೆ.

ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಬಂದವರ ಕಥೆಯೇ ಬೇರೆ. ಅವರಿಗೆ ಫೆಡರಲ್ ಸಾಲವೂ ಇಲ್ಲ, ಮನ್ನಾವೂ ಇಲ್ಲ. ಕ್ರೆಡಿಟ್‌ಗಿಂತ ಮೊದಲು ಉಳಿಸಿಕೊಳ್ಳಬೇಕಾದ್ದು ಸೆವಿಸ್ ದಾಖಲೆ, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ಕಂಪ್ಯೂಟರ್ ದಾಖಲೆ. ಹಳೆಯ ಕಾಲೇಜಿನ ಅಧಿಕಾರಿ ಇನ್ನೂ ಕುರ್ಚಿಯಲ್ಲಿರುವಾಗಲೇ ಅದನ್ನು ಹೊಸ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳಿ. ಊರಿನಿಂದ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಕನ್ಸಲ್ಟೆನ್ಸಿಯವರನ್ನು ಫೀಸು ಎಷ್ಟು ಅಂತ ಕೇಳುವ ಮೊದಲು ಮಾನ್ಯತೆ ಯಾರದ್ದು ಅಂತ ಕೇಳಬೇಕು.

ಕಾಲೇಜು ಇನ್ನೂ ತೆರೆದಿದೆ, ಆದರೆ ಲಕ್ಷಣ ಸರಿ ಇಲ್ಲ ಅನ್ನಿಸುತ್ತಿದೆಯಾ? ಪಾಠ ಮಾಡುವವರು ಒಬ್ಬೊಬ್ಬರಾಗಿ ಬಿಟ್ಟು ಹೋಗೋದು, ರೀಫಂಡ್ ತಿಂಗಳುಗಟ್ಟಲೆ ಬಾರದಿರೋದು, ಇವು ಸಾಮಾನ್ಯ ಲಕ್ಷಣ. ಶಿಕ್ಷಣ ಇಲಾಖೆ ಹಣಕಾಸಿನ ವಿಷಯದಲ್ಲಿ ಹೆಚ್ಚಿನ ನಿಗಾ ಇಟ್ಟಿರುವ ಕಾಲೇಜುಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಅದರಲ್ಲಿ ನಿಮ್ಮದಿದೆಯಾ ನೋಡಿ. ಇವತ್ತೇ ಅಧಿಕೃತ ಟ್ರಾನ್ಸ್‌ಕ್ರಿಪ್ಟ್‌ನ ಎರಡು ಮೂರು ಪ್ರತಿ ತರಿಸಿ, ಲಕೋಟೆ ಒಡೆಯದೆ ಇಡಿ. ನೀವು ಸೇರಿದ ವರ್ಷದ ಕ್ಯಾಟಲಾಗ್, ಪ್ರತಿ ಕೋರ್ಸಿನ ಸಿಲಬಸ್, ಸಹಿ ಮಾಡಿದ ಒಪ್ಪಂದ, ಫೀಸಿನ ಲೆಕ್ಕ, ಎಲ್ಲ ಇಳಿಸಿಕೊಳ್ಳಿ. ಕಾಲೇಜು ಮುಚ್ಚಿದಮೇಲೆ ಟ್ರಾನ್ಸ್‌ಕ್ರಿಪ್ಟ್ ರಾಜ್ಯದ ಯಾವುದಾದರೂ ಕಚೇರಿಯಲ್ಲಿ ಸಿಗಬಹುದು. ಸಿಲಬಸ್ ಎಲ್ಲೂ ಸಿಗದು.

ಆ ಸಿಲಬಸ್ ಯಾಕೆ ಅಂದರೆ, ನಮ್ಮ ಮೊದಲ ತೀರ್ಪು ಕೊನೆಯದಲ್ಲ. ಬಹಳಷ್ಟು ಸಲ ಕೋರ್ಸಿನ ಹೆಸರು, ಮಾನ್ಯತೆ ನೋಡಿಯೇ 'ಇಲ್ಲ' ಬರೆದಿರುತ್ತೇವೆ. ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಆಗ ಫೈಲು ಆ ವಿಷಯದ ಮೇಷ್ಟ್ರ ಮೇಜಿಗೆ ಹೋಗುತ್ತದೆ. ಅವರು ವಾರವಾರದ ಪಾಠಪಟ್ಟಿ, ಪಠ್ಯಪುಸ್ತಕ, ಲ್ಯಾಬ್ ಗಂಟೆ ನೋಡುತ್ತಾರೆ. ಅರ್ಜಿಯಲ್ಲಿ ಕಷ್ಟ ಸುಖ ಬರೆಯಬೇಡಿ. "ನನ್ನ ಈ ಕೋರ್ಸ್ ನಿಮ್ಮ ಈ ಕೋರ್ಸಿಗೆ ಸಮ, ಸಿಲಬಸ್ ಲಗತ್ತಿಸಿದೆ" ಅಂತ ಎರಡು ಸಾಲು ಸಾಕು. ಆಗಸ್ಟ್‌ನಲ್ಲಿ ಮಾತ್ರ ಬರಬೇಡಿ. ಆಗ ಹೊಸ ಸೆಮಿಸ್ಟರಿನ ನೂಕುನುಗ್ಗಲು, ನಿಮ್ಮ ಫೈಲು ಅಡಿಯಲ್ಲೇ ಉಳಿಯುತ್ತದೆ. ಅಕ್ಟೋಬರ್‌ನಲ್ಲಿ ಬಂದರೆ ಕೂರಿಸಿ ಮಾತಾಡಿಸುವಷ್ಟು ಪುರಸೊತ್ತು ನಮಗೂ ಇರುತ್ತದೆ.