ಐದು ತಿಂಗಳ ಬಸುರಿ, ಗಂಡ ಹತ್ತಿರ ಬರೋಕೇ ಹೆದರ್ತಾರೆ. ನಾವು ಸೇರಬಹುದಾ?

ಪ್ರಶ್ನೆ: ನನಗೆ ಐದು ತಿಂಗಳು ನಡೀತಿದೆ. ಎಲ್ಲ ಸರಿಯಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ನಮ್ಮನೆಯವರು ಮಗುವಿಗೆ ಪೆಟ್ಟಾಗುತ್ತೆ ಅಂತ ಗೋಡೆ ಕಡೆ ತಿರುಗಿ ಮಲಗ್ತಾರೆ. ಅತ್ತೆ ಬೇರೆ ಕೋಣೆಯಲ್ಲೇ ಮಲಗು ಅಂತಾರೆ. ನನಗೆ ಆಸೆ ಇದೆ, ಹೇಳೋಕೆ ನಾಚಿಕೆ. ನಾವು ಸೇರಬಹುದಾ?

ಉತ್ತರ: ಸೇರಬಹುದು. ಬಸಿರಿನಲ್ಲಿ ತೊಂದರೆ ಇಲ್ಲ, ನಿಮಗೂ ಮನಸ್ಸಿದೆ ಅಂದಮೇಲೆ ಕೊನೆಯ ತಿಂಗಳವರೆಗೂ ಸೇರಬಹುದು. ಆಸೆಗೆ ನಾಚಿಕೆ ಯಾಕೆ? ನಾಲ್ಕು ತಿಂಗಳು ದಾಟಿದ ಮೇಲೆ ಸಾಮಾನ್ಯವಾಗಿ ವಾಂತಿ, ಸುಸ್ತು ಇಳಿಯುತ್ತದೆ, ಸೊಂಟದ ಕೆಳಗೆ ರಕ್ತದ ಓಡಾಟ ಹೆಚ್ಚಾಗುತ್ತದೆ, ಹಾಗಾಗಿ ಎಷ್ಟೋ ಹೆಂಗಸರಿಗೆ ಈ ನಡುವಿನ ತಿಂಗಳುಗಳಲ್ಲೇ ಆಸೆ ಜಾಸ್ತಿ. ಕೆಲವರಿಗೆ ಒಂಬತ್ತು ತಿಂಗಳೂ ಬೇಡ ಅನ್ನಿಸುತ್ತದೆ. ಅದೂ ಸಹಜವೇ.

ಮೊದಲು ನಿಮ್ಮ ಮನೆಯವರ ಹೆದರಿಕೆ. ಮಗು ಇರೋದು ಗರ್ಭಕೋಶದ ಒಳಗೆ, ನೀರಿನ ಚೀಲದಲ್ಲಿ. ಸುತ್ತ ದಪ್ಪ ಸ್ನಾಯುವಿನ ಗೋಡೆ. ಗರ್ಭಕೋಶದ ಬಾಯಿ ಮುಚ್ಚಿರುತ್ತದೆ, ಅದಕ್ಕೆ ಗಟ್ಟಿ ಲೋಳೆಯ ಬಿರಡೆಯೂ ಇರುತ್ತದೆ. ಗಂಡ ಹೆಂಡತಿ ಸೇರುವಾಗ ಅಂಗ ಮಗುವಿನ ಹತ್ತಿರಕ್ಕೂ ಹೋಗೋದಿಲ್ಲ. ಆಮೇಲೆ ಮಗು ಒದ್ದಾಡಿದ ಹಾಗೆ ಅನ್ನಿಸಿದರೆ ಅದಕ್ಕೆ ನೋವಾಗಿದೆ ಅಂತ ಅಲ್ಲ. ಇದನ್ನು ಅವರಿಗೆ ಓದಿ ಹೇಳಿ, ಅಥವಾ ಫೋನ್ ಅವರ ಕೈಗೇ ಕೊಡಿ. ಮೊದಲ ಮೂರು ತಿಂಗಳಲ್ಲಿ ಗರ್ಭ ಇಳಿದರೆ "ನಾವು ಸೇರಿದ್ದಕ್ಕೇ ಹೀಗಾಯ್ತು" ಅಂತ ಕೊರಗುವವರು ತುಂಬಾ ಜನ ಇದ್ದಾರೆ. ಹಾಗಲ್ಲ. ಆರಂಭದಲ್ಲಿ ಇಳಿಯುವ ಗರ್ಭಗಳಲ್ಲಿ ಹೆಚ್ಚಿನವು ಕ್ರೋಮೋಸೋಮ್, ಅಂದರೆ ವಂಶವಾಹಿ ಎಳೆಗಳ ದೋಷದಿಂದ ಬೆಳೆಯೋದು ನಿಲ್ಲಿಸುತ್ತವೆ.

ಹಾಗಾದರೆ ಯಾರು ಸೇರಬಾರದು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಅರ್ಧ ಉತ್ತರ ನಿಮ್ಮ ಫೈಲಿನಲ್ಲೇ ಇದೆ. ಐದನೇ ತಿಂಗಳ ಹೊತ್ತಿಗೆ, ಅಂದರೆ 18ರಿಂದ 20ನೇ ವಾರದಲ್ಲಿ ಮಾಡುವ ಸ್ಕ್ಯಾನಿನ ರಿಪೋರ್ಟ್ ತೆಗೆಯಿರಿ. ಅದರಲ್ಲಿ 'ಪ್ಲಾಸೆಂಟಾ' ಅಂತ ಒಂದು ಸಾಲು ಇರುತ್ತದೆ. ಪ್ಲಾಸೆಂಟಾ ಅಂದರೆ ಮಾಸು. ಪಕ್ಕದಲ್ಲಿ 'ಆಂಟೀರಿಯರ್' ಅಂತ ಇದ್ದರೆ ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿದೆ, 'ಪೋಸ್ಟೀರಿಯರ್' ಅಂದರೆ ಹಿಂದಿನ ಗೋಡೆಗೆ. ಆ ಪದ ನೋಡಿ ಗಾಬರಿ ಬೇಡ. ನೋಡಬೇಕಾದ್ದು 'ಲೋ ಲೈಯಿಂಗ್' ಅಥವಾ 'ಪ್ರೀವಿಯಾ' ಅನ್ನುವ ಮಾತು ಇದೆಯಾ ಅಂತ. ಇದ್ದರೆ ಮಾಸು ಗರ್ಭಕೋಶದ ಬಾಯಿಯ ಹತ್ತಿರ ಇದೆ, ಇಲ್ಲವೇ ಬಾಯಿಯನ್ನೇ ಮುಚ್ಚಿದೆ. ಆಗ ಸೇರಿದರೆ ಜೋರಾಗಿ ರಕ್ತ ಹೋಗುವ ಅಪಾಯ ಇದೆ, ಡಾಕ್ಟರು ಸರಿ ಅನ್ನುವವರೆಗೂ ಬೇಡವೇ ಬೇಡ. ಗರ್ಭಕೋಶ ಬೆಳೆದ ಹಾಗೆ ಎಷ್ಟೋ ಜನರಿಗೆ ಮಾಸು ಮೇಲಕ್ಕೆ ಹೋಗುತ್ತದೆ, ಮುಂದಿನ ಸ್ಕ್ಯಾನಿನಲ್ಲಿ ಅದು ಗೊತ್ತಾಗುತ್ತದೆ. ಇನ್ನು ರಕ್ತ ಕಾಣಿಸಿಕೊಂಡಿದ್ದರೆ, ನೀರು ಹೋಗಿದ್ದರೆ, ಗರ್ಭಕೋಶದ ಬಾಯಿ ಸಡಿಲ ಅಂತ ಹೊಲಿಗೆ ಹಾಕಿದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದರೆ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ.

ಈಗ ನಿಮಗೆ ಆರಾಮ ಆಗೋದು ಹೇಗೆ? ಹೊಟ್ಟೆ ಮೇಲೆ ಭಾರ ಬೀಳಬಾರದು, ಅಷ್ಟೇ ಮುಖ್ಯ. ನೀವು ಎಡ ಮಗ್ಗುಲಿಗೆ ಮಲಗಿ, ಅವರು ಬೆನ್ನ ಹಿಂದೆ. ಹೊಟ್ಟೆ ಕೆಳಗೊಂದು ತೆಳು ದಿಂಬು, ಮಂಡಿಗಳ ನಡುವೆ ಇನ್ನೊಂದು. ದಿಂಬು ಸಾಲದಿದ್ದರೆ ಹಳೇ ಸೀರೆ ಸುರುಳಿ ಸುತ್ತಿ ಇಟ್ಟುಕೊಳ್ಳಿ. ಅಥವಾ ನೀವು ಮೇಲಿರಿ, ಆಗ ಎಷ್ಟು ಆಳ, ಎಷ್ಟು ವೇಗ ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ. ಐದು ತಿಂಗಳ ಮೇಲೆ ಅಂಗಾತ ತುಂಬಾ ಹೊತ್ತು ಮಲಗಬೇಡಿ. ಬೆಳೆದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು. ಯೋನಿ ಒಣಗಿದ ಹಾಗಿದ್ದರೆ ನೀರಿನಿಂದ ಮಾಡಿದ (ವಾಟರ್ ಬೇಸ್ಡ್) ಜಾರುವ ಜೆಲ್ ಬಳಸಿ. ಕಾಂಡೋಮ್ ಇದ್ದಾಗ ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಹರಿಯುತ್ತದೆ. ಬಾಯಿಂದ ಸುಖ ಕೊಡೋದು ತಪ್ಪಲ್ಲ, ಆದರೆ ಯೋನಿಯ ಒಳಗೆ ಗಾಳಿ ಊದಬಾರದು, ಅದು ಪ್ರಾಣಕ್ಕೇ ಅಪಾಯ. ಇಬ್ಬರಲ್ಲಿ ಯಾರಿಗಾದರೂ ಸೋಂಕಿನ ಅನುಮಾನ ಇದ್ದರೆ ಕಾಂಡೋಮ್ ಬೇಕೇ ಬೇಕು, ಪರೀಕ್ಷೆಯನ್ನೂ ಮಾಡಿಸಿ. ಮುಗಿದ ಮೇಲೆ ಎದ್ದು ಮೂತ್ರಕ್ಕೆ ಹೋಗಿ ಬನ್ನಿ. ಬಸಿರಿನಲ್ಲಿ ಉರಿಮೂತ್ರ ಬೇಗ ಅಂಟಿಕೊಳ್ಳುತ್ತದೆ.

ಆಮೇಲೆ ಸ್ವಲ್ಪ ಹೊತ್ತು ಹೊಟ್ಟೆ ಗಟ್ಟಿಯಾದ ಹಾಗೆ ಅನ್ನಿಸಬಹುದು. ಮಲಗಿ, ನೀರು ಕುಡಿಯಿರಿ, ಸಡಿಲವಾಗುತ್ತದೆ. ಒಂದೆರಡು ಹನಿ ಕಲೆ ಕಂಡರೆ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಜಾಸ್ತಿ ರಕ್ತ, ನಿಲ್ಲದ ನೋವು, ಬಿಟ್ಟು ಬಿಟ್ಟು ಬರುವ ಬಿಗಿತ, ತೊಡೆ ಒದ್ದೆಯಾಗುವಷ್ಟು ನೀರು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಬೇಡ ಅನ್ನಿಸಿದ ದಿನ ಬೇಡ ಅನ್ನಿ. ಹಣೆಗೊಂದು ಮುತ್ತು, ಊದಿದ ಕಾಲು ಒತ್ತೋದು, ಅವರ ತೋಳಿನ ಮೇಲೆ ತಲೆ ಇಟ್ಟು ಮಲಗೋದು, ಇದೂ ಹತ್ತಿರವಾಗುವುದೇ. ಬಸುರಿಯ ಮೇಲೆ ಒತ್ತಾಯ ಮಾಡೋದನ್ನು ನಾನು ಯಾವ ಕಾರಣಕ್ಕೂ ಒಪ್ಪೋದಿಲ್ಲ. ಅತ್ತೆ ಮೇಲೆ ಕೋಪ ಬೇಡ, ಅವರ ಕಾಲದಲ್ಲಿ ಸ್ಕ್ಯಾನ್ ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ, ದೂರ ಇರಿ ಅನ್ನೋದೊಂದೇ ಅವರಿಗೆ ಗೊತ್ತಿದ್ದ ಜಾಗ್ರತೆ. ಆದರೂ ಯಾವ ಕೋಣೆಯಲ್ಲಿ ಮಲಗಬೇಕು ಅನ್ನೋದನ್ನು ನೀವಿಬ್ಬರೇ ತೀರ್ಮಾನಿಸಿ.

ನನ್ನ ಮೊದಲ ಬಸಿರಲ್ಲಿ ಡಾಕ್ಟರು "ಸ್ವಲ್ಪ ಹುಷಾರು" ಅಂದರು. ಹುಷಾರು ಅಂದರೆ ಏನು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ, ಬಾಗಿಲಾಚೆ ಹತ್ತಾರು ಜನ ಕಾಯುತ್ತಿದ್ದರು. ನಾವಿಬ್ಬರೂ ತಿಂಗಳುಗಟ್ಟಲೆ ಸುಮ್ನೆ ಹೆದರಿಕೊಂಡೇ ಇದ್ದೆವು. ನೀವು ಹಾಗೆ ಮಾಡಬೇಡಿ. ಮುಂದಿನ ಚೆಕಪ್‌ಗೆ ಮನೆಯವರನ್ನೂ ಒಳಗೆ ಕರೆದುಕೊಂಡು ಹೋಗಿ. ತಾಯಿ ಕಾರ್ಡ್ ಜೊತೆಗೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ಡಾಕ್ಟ್ರೇ, ನಾವು ಸೇರಬಹುದಾ? ಬೇಡ ಅಂದರೆ ಯಾಕೆ, ಎಷ್ಟು ದಿನ?" ಬಾಯಲ್ಲಿ ಹೇಳೋಕೆ ಆಗದಿದ್ದರೆ ಚೀಟಿಯನ್ನೇ ಮೇಜಿನ ಮೇಲಿಡಿ.